ತಲೆ ತಿರುಗದ ಹುಡುಗಿಯರು

ನಮ್ಮ ಪರೀಕ್ಷೆಯ ಕೋಣೆಯಲ್ಲಿ ದೀಪ ಆರಿಸುವುದು ಮಗುವಿನ ಕೆಲಸ. ಅಪ್ಪ ಅಮ್ಮ ಆರಿಸುವ ಹಾಗಿಲ್ಲ, ನಾನೂ ಆರಿಸುವ ಹಾಗಿಲ್ಲ. ಸ್ವಿಚ್ಚಿಗೆ ಕೈ ಎಟುಕದ ಮಕ್ಕಳಿಗೆ ಒಂದು ಸ್ಟೂಲು ಇಟ್ಟಿದ್ದೇನೆ. ಮಗು ತಾನಾಗಿ ಆರಿಸಲಿಲ್ಲವೋ, ಆ ದಿನ ಪರೀಕ್ಷೆ ಇಲ್ಲ, ಇನ್ನೊಂದು ದಿನ ಬನ್ನಿ ಅಂತ ಕಳಿಸಿಬಿಡುತ್ತೇನೆ. ಅರ್ಧ ದಿನ ರಜೆ ಹಾಕಿ ಬಂದ ಅಪ್ಪಂದಿರು ಗೊಣಗುತ್ತಾರೆ. ಗೊಣಗಲಿ.

ಬಸವೇಶ್ವರನಗರದಲ್ಲಿ ಒಂದು ಮೆಡಿಕಲ್ ಶಾಪಿನ ಮೇಲಿನ ಮಹಡಿಯಲ್ಲಿ ನಮ್ಮ ಕಿವಿ ಕೇಂದ್ರ ಇದೆ. ಇಪ್ಪತ್ತೆಂಟು ವರ್ಷದಿಂದ ನಾನು ಮಾಡುತ್ತಿರುವುದು ಕಿವಿ ಪರೀಕ್ಷೆಯ ಕೆಲಸ. ಕಿವಿ ಅಂದ ಕೂಡಲೇ ಎಲ್ಲರಿಗೂ ಕೇಳಿಸುವುದು ಮಾತ್ರ ನೆನಪಾಗುತ್ತದೆ. ಅದೇ ಒಳಕಿವಿಯಲ್ಲಿ, ಕೇಳಿಸುವ ಅಂಗಕ್ಕೆ ಅಂಟಿಕೊಂಡ ಹಾಗೆ, ಇನ್ನೊಂದು ಪುಟ್ಟ ಅಂಗ ಇದೆ. ನಾವು ತಿರುಗುತ್ತಿದ್ದೇವೋ, ವಾಲುತ್ತಿದ್ದೇವೋ, ಮೇಲೆ ಯಾವ ಕಡೆ, ಕೆಳಗೆ ಯಾವ ಕಡೆ ಎಂದು ಕಣ್ಣು ಮುಚ್ಚಿದ್ದಾಗಲೂ ಹೇಳುವುದು ಅದು. ದೊಡ್ಡವರಿಗೆ ಅದು ಕೆಟ್ಟರೆ ತಲೆ ಸುತ್ತು ಅಂತ ತಾವೇ ಓಡಿಬರುತ್ತಾರೆ. ಚಿಕ್ಕ ಮಕ್ಕಳು ಹೇಳುವುದಿಲ್ಲ. ಬುದ್ಧಿ ತಿಳಿಯುವ ಮೊದಲೇ ಅದು ಸತ್ತುಹೋಗಿದ್ದರೆ, ಹೇಳಬೇಕಾದ್ದು ಏನಾದರೂ ಇದೆ ಅಂತಲೇ ಅವಕ್ಕೆ ಗೊತ್ತಿರುವುದಿಲ್ಲ. ಹಾಗಾಗಿ ಹುಡುಕಿ ನೋಡಬೇಕು.

ನೋಡುವ ಒಂದು ವಿಧಾನ ತಿರುಗುವ ಕುರ್ಚಿ. ಮಗುವನ್ನು ಅಪ್ಪನ ಅಥವಾ ಅಮ್ಮನ ತೊಡೆಯ ಮೇಲೆ ಕೂರಿಸಿ ಬೆಲ್ಟು ಹಾಕುತ್ತೇವೆ. ಕ್ಯಾಮೆರಾ ಇರುವ ದೊಡ್ಡ ಕನ್ನಡಕ ಹಾಕುತ್ತೇವೆ. ಕೋಣೆ ಪೂರ್ತಿ ಕತ್ತಲಾಗಬೇಕು, ಕುರ್ಚಿ ನಿಧಾನವಾಗಿ ತಿರುಗಬೇಕು. ಒಳಕಿವಿ ನೆಟ್ಟಗಿದ್ದರೆ ಆ ಕತ್ತಲೆಯಲ್ಲೂ ಕಣ್ಣುಗುಡ್ಡೆಗಳು ಒಂದು ಕಡೆಗೆ ಜಾರಿ, ಫಕ್ಕನೆ ವಾಪಸ್ ಹಾರಿ, ಮತ್ತೆ ಜಾರುತ್ತವೆ. ಓಡುವ ಬಸ್ಸಿನ ಕಿಟಕಿಯಿಂದ ಲೈಟು ಕಂಬಗಳನ್ನು ನೋಡುವವರ ಕಣ್ಣು ಹಾಗೇ ಆಡುತ್ತದೆ. ನಾನು ಹೊರಗೆ ಪರದೆಯ ಮೇಲೆ ನೋಡುತ್ತಾ ಕೂತಿರುತ್ತೇನೆ. ಕೆಲವು ಮಕ್ಕಳಿಗೆ ಹೊಟ್ಟೆ ತೊಳಸುತ್ತದೆ, ಅದಕ್ಕೇ ಬರುವ ಎರಡು ಗಂಟೆ ಮುಂಚೆ ಹಗುರ ತಿಂಡಿ ಅಷ್ಟೇ ಕೊಡಿ ಅನ್ನುತ್ತೇನೆ. ಫಿಟ್ಸ್ ಬಂದಿತ್ತಾ, ಕುತ್ತಿಗೆ ನೋವಿದೆಯಾ, ಕಿವಿಯ ಪರದೆ ತೂತಾಗಿದೆಯಾ ಅಂತ ಮೊದಲೇ ಕೇಳಿಕೊಳ್ಳುತ್ತೇನೆ. ಮಗು ಕೈ ಎತ್ತಿದರೆ ಕುರ್ಚಿ ನಿಂತೇ ನಿಲ್ಲುತ್ತದೆ. ಮುಗಿದ ಮೇಲೆ ಅರ್ಧ ಗಂಟೆ ಕೂರಿಸಿಯೇ ಕಳಿಸುವುದು.

ಇಷ್ಟಲ್ಲದೆ, ಪ್ರತಿ ಮಗುವಿನ ಎದುರಿಗೆ ಮೊದಲು ನಾನೇ ಆ ಕುರ್ಚಿಯಲ್ಲಿ ಕೂತು ಒಂದು ಸುತ್ತು ಹೊಡೆಸಿಕೊಳ್ಳುತ್ತೇನೆ. ಐವತ್ಮೂರರ ವಯಸ್ಸಿನಲ್ಲಿ ನನಗೆ ಅದು ಆಗಿಬರುವುದಿಲ್ಲ. ಇಳಿದ ಮೇಲೆ ಗೋಡೆ ಹಿಡಿದುಕೊಳ್ಳುತ್ತೇನೆ, ಮಕ್ಕಳು ಕಿಸಕ್ಕೆಂದು ನಗುತ್ತವೆ. ನಮ್ಮಲ್ಲಿ ಕೆಲಸಕ್ಕಿರುವ ಹುಡುಗಿಯರು, "ಮೇಡಂ, ನಿಮಗೇ ಮೊದಲು ಔಷಧಿ ಬರೀಬೇಕು" ಅಂತ ಗೇಲಿ ಮಾಡುತ್ತಾರೆ. ನನಗೆ ತಲೆ ತಿರುಗಿದಾಗ ಒಂದು ಸಮಾಧಾನವಾಗುತ್ತದೆ ಅಂತ ಅವರಿಗೆ ಹೇಳಿಲ್ಲ. ತಲೆ ತಿರುಗದವರನ್ನು ಕಂಡರೆ ನನಗೆ ಭಯ.

ಯಾಕೆಂದರೆ ನನಗೆ ಒಬ್ಬಳು ತಂಗಿ ಇದ್ದಳು.

ನಾವು ಆಗ ರಾಜಾಜಿನಗರದಲ್ಲೇ ಇದ್ದೆವು, ಈಗಲೂ ಇರುವುದು ಅಲ್ಲೇ. ತಂಗಿ ನನಗಿಂತ ಮೂರು ವರ್ಷಕ್ಕೆ ಚಿಕ್ಕವಳು. ಎರಡು ವರ್ಷದವಳಿದ್ದಾಗ ಅವಳಿಗೆ ಮೆದುಳು ಜ್ವರ ಬಂತು. ಜೀವ ಉಳಿಯಿತು, ಎರಡೂ ಕಿವಿ ಹೋಯಿತು. ಓಡಾಡುತ್ತಿದ್ದ ಮಗು ಮತ್ತೆ ತೆವಳುವುದಕ್ಕೆ ಶುರುಮಾಡಿ, ಎಷ್ಟೋ ತಿಂಗಳಾದ ಮೇಲೆ ನಡೆಯಿತು. ಜ್ವರದ ನಿಶ್ಶಕ್ತಿ ಅಂದರು. ಕರೆಂಟು ಹೋದಾಗ ಅವಳು ಎಲ್ಲಿದ್ದಳೋ ಅಲ್ಲೇ ಕೂತುಬಿಡುತ್ತಿದ್ದಳು. ಹಿತ್ತಲ ಬಚ್ಚಲಿಗೆ ಹೋಗುವಾಗ ಗೋಡೆ ಸವರಿಕೊಂಡೇ ಹೋಗುತ್ತಿದ್ದಳು. ಹೆದರುಪುಕ್ಕಲಿ ಅಂತ ನಾನು ಕಾಡಿಸುತ್ತಿದ್ದೆ.

ಒಂದು ಆಟದಲ್ಲಿ ಮಾತ್ರ ಅವಳನ್ನು ಯಾರೂ ಸೋಲಿಸುವುದಕ್ಕಾಗುತ್ತಿರಲಿಲ್ಲ. ಬೀದಿಯ ಮಕ್ಕಳೆಲ್ಲ ಕೈ ಚಾಚಿ ಗಿರಗಿರನೆ ಸುತ್ತುತ್ತಿದ್ದೆವು, ಕೊನೆಗೆ ಬೀಳದೆ ಯಾರು ನಿಂತಿರುತ್ತಾರೋ ಅವರು ಗೆದ್ದ ಹಾಗೆ. ನಾವೆಲ್ಲ ದೊಪ್ಪನೆ ಬಿದ್ದು, ಆಕಾಶ ತಿರುಗುವುದನ್ನು ನೋಡುತ್ತಾ ವಾಕರಿಸುತ್ತಿದ್ದರೆ ಅವಳು ನಿಂತಿರುತ್ತಿದ್ದಳು. ಕಣ್ಣು ಅರಳಿಸಿಕೊಂಡು, ಇವರಿಗೆಲ್ಲ ಏನಾಯಿತು ಅನ್ನುವ ಹಾಗೆ ನಮ್ಮನ್ನು ನೋಡುತ್ತಿದ್ದಳು. ಅಮ್ಮ ಅದನ್ನು ಮನೆಗೆ ಬಂದವರಿಗೆಲ್ಲ ಮಾಡಿ ತೋರಿಸುತ್ತಿದ್ದಳು. ಕಿವಿ ಕಿತ್ತುಕೊಂಡ ದೇವರು ಗಟ್ಟಿ ತಲೆಯನ್ನಾದರೂ ಕೊಟ್ಟಿದ್ದಾನೆ ಅನ್ನುತ್ತಿದ್ದಳು. ಬಂದವರು ಅವಳ ಕೈಗೆ ಬಾಳೆಹಣ್ಣು ಕೊಟ್ಟು ಮೆಚ್ಚಿಕೊಳ್ಳುತ್ತಿದ್ದರು. ಇಷ್ಟು ಜನ ಸೇರಿ ಒಂದು ರೋಗವನ್ನು ಹೀಗೆ ಮೆರೆಸಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಬೇಸಿಗೆ ರಜೆಯಲ್ಲಿ ಕೆಂಗೇರಿ ದಾಟಿ ಸೋದರಮಾವನ ತೋಟಕ್ಕೆ ಹೋಗುತ್ತಿದ್ದೆವು. ಅಲ್ಲಿ ಮೆಟ್ಟಿಲಿದ್ದ ದೊಡ್ಡ ಬಾವಿ, ಹಸಿರು ನೀರು, ಒಂದಾಳುದ್ದದ ಕೆಳಗೆ ಏನೂ ಕಾಣುತ್ತಿರಲಿಲ್ಲ. ಮಕ್ಕಳಿಗೆ ಈಜು ಕಲಿಸುವುದಕ್ಕೆ ಆಗ ಇದ್ದ ಪದ್ಧತಿ ಒಂದೇ. ಬೆನ್ನಿಗೆ ಬೆಂಡು, ಅಂದರೆ ನೀರಿನಲ್ಲಿ ತೇಲುವ ಒಣಗಿದ ಹಗುರ ಮರದ ತುಂಡು, ಹಗ್ಗದಲ್ಲಿ ಬಿಗಿದು ಬಾವಿಗೆ ಬಿಡುವುದು. ನಾಲ್ಕೈದು ದಿನ ಕೈಕಾಲು ಬಡಿದು ಬಾವಿಯ ಈ ಗೋಡೆಯಿಂದ ಆ ಗೋಡೆಗೆ ಮುಟ್ಟಿದರೆ ಬೆಂಡು ಬಿಚ್ಚುತ್ತಾರೆ. ಆಮೇಲೆ ಮೆಟ್ಟಿಲಿನಿಂದ ನೆಗೆಯಬೇಕು. ಮುಳುಗಿ ತಾನಾಗಿ ಮೇಲೆ ಬಂದರೆ ಈಜು ಬಂತು ಅಂತ ಲೆಕ್ಕ.

ತಂಗಿ ಬೆಂಡು ಕಟ್ಟಿಕೊಂಡು ಬಹಳ ಚೆನ್ನಾಗಿ ಈಜಿದಳು. ತಲೆ ನೀರಿನ ಮೇಲಿತ್ತು, ಸುತ್ತಲ ಗೋಡೆ ಕಾಣುತ್ತಿತ್ತು, ಮೇಲೆ ಆಕಾಶ ಕಾಣುತ್ತಿತ್ತು. ಐದನೇ ದಿನ ಮಾವ, "ಇನ್ನೆರಡು ದಿನ ಇರಲಿ, ಕಿವಿ ಕೇಳದ ಮಗು" ಅಂದರು. "ಬಿಚ್ಚಿ ಮಾವ, ಅವಳಿಗೆ ತಲೆನೇ ತಿರುಗಲ್ಲ, ಭಯಾನೇ ಇಲ್ಲ" ಅಂದವಳು ನಾನು. ನನಗೆ ಹನ್ನೊಂದು ವರ್ಷ, ಅವಳಿಗೆ ಎಂಟು.

ಅವಳು ನೆಗೆದಳು. ನಾನು ನೀರಿನ ಅಂಚಿನ ಮೆಟ್ಟಿಲಲ್ಲಿ ಅವಳನ್ನು ಎಳೆದುಕೊಳ್ಳಲು ಕೈ ಚಾಚಿ ಕೂತಿದ್ದೆ. ಅಮ್ಮ ನನ್ನ ಹಿಂದೆ ಬಟ್ಟೆ ಒಗೆಯುತ್ತಿದ್ದಳು. ತಂಗಿ ಮುಳುಗಿ ಒಂದು ಗಳಿಗೆ ನೀರಿನಲ್ಲಿ ನಿಂತಂತೆ ಕಂಡಳು, ಕಣ್ಣು ಬಿಗಿಯಾಗಿ ಮುಚ್ಚಿದ್ದಳು. ಆಮೇಲೆ ಈಜಿದಳು. ಒದ್ದಾಡಲಿಲ್ಲ, ಕೈಕಾಲು ಬಡಿಯಲಿಲ್ಲ. ಮಾವ ಹೇಳಿಕೊಟ್ಟ ಹಾಗೆ ಎರಡು ಕೈಯಲ್ಲೂ ನೀರು ತಳ್ಳುತ್ತಾ, ಎಲ್ಲಿಗೆ ಹೋಗಬೇಕು ಅಂತ ಗೊತ್ತಿದ್ದವಳ ಹಾಗೆ, ಕೆಳಕ್ಕೆ. ಅವಳ ಅಂಗಾಲು ನನ್ನ ಕಡೆಗಿತ್ತು. ಆ ಎರಡು ಬಿಳಿ ಅಂಗಾಲು ಹಸಿರಿನೊಳಗೆ ಸಣ್ಣದಾಗುತ್ತಾ ಹೋಗಿ ಕಾಣದಾದವು. ಮಾವ ಧುಮುಕಿ ತಳ ಮುಟ್ಟಿ ಎತ್ತಿಕೊಂಡು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಅಮ್ಮನೂ ಅದನ್ನು ಪೂರ್ತಿ ನೋಡಿದ್ದಳು. ಬಿದ್ದವಳಲ್ಲ, ಮುಳುಗಿದವಳಲ್ಲ, ಈಜಿಕೊಂಡು ಹೋದವಳು. ಅದಕ್ಕೆ ಅಮ್ಮನಿಗೆ ಸಿಕ್ಕ ಅರ್ಥ ಒಂದೇ. ಬಾವಿಯೊಳಗಿಂದ ಯಾರೋ ಕರೆದರು. ಕಿವುಡಿಗೂ ಕೇಳಿಸುವ ಹಾಗೆ ಕರೆದರು, ಇವಳು ಹೋದಳು. ಸತ್ತ ಮಗುವಿನ ತಾಯಂದಿರು ಫೋಟೋಕ್ಕೆ ಹೂವಿಡುತ್ತಾರೆ, ಹುಟ್ಟಿದ ದಿನ ನೆನೆದು ಅಳುತ್ತಾರೆ. ಅಮ್ಮ ಯಾವುದನ್ನೂ ಮಾಡಲಿಲ್ಲ. ತಂಗಿಯ ಮಾತೆತ್ತಿದರೆ, "ಅವಳಾ? ಕರೆದವರ ಹಿಂದೆ ಹೋದ್ಲು. ನಾವು ಬೇಕಾಗಿರಲಿಲ್ಲ" ಅಂದು ಬೇರೆ ಮಾತಿಗೆ ಹೋಗುತ್ತಿದ್ದಳು. ಅದು ಅಳುವಿನ ದನಿಯಲ್ಲ, ಬೈಗುಳದ ದನಿ. ಮಿಕ್ಕ ಎಲ್ಲರ ಬಗ್ಗೆ ಅಷ್ಟು ಮೆತ್ತಗಿದ್ದ ಅಮ್ಮ ಆ ಒಬ್ಬಳನ್ನು ಕ್ಷಮಿಸಲೇ ಇಲ್ಲ.

ನಾನು ಈ ವಿದ್ಯೆ ಕಲಿಯಲು ಹೋಗಿದ್ದು ತಂಗಿಯ ಕಿವಿಯ ನೆನಪಿನಿಂದಲೇ. ಕಾಲೇಜಿನಲ್ಲಿ ಒಂದು ಮಧ್ಯಾಹ್ನದ ಪಾಠದಲ್ಲಿ ಮೇಷ್ಟ್ರು, ಮೆದುಳು ಜ್ವರದಿಂದ ಎರಡೂ ಕಡೆಯ ಸಮತೋಲನದ ಅಂಗ ಸಾಯಬಹುದು, ಅಂಥ ಮಕ್ಕಳಿಗೆ ಸುತ್ತಿದರೂ ತಲೆ ತಿರುಗುವುದಿಲ್ಲ, ಕತ್ತಲಲ್ಲಿ ಬೀಳುತ್ತಾರೆ, ನೀರಿನೊಳಗೆ ಕಣ್ಣು ಮುಚ್ಚಿದರೆ ಮೇಲೆ ಕೆಳಗೆ ತಿಳಿಯುವುದಿಲ್ಲ ಎಂದು ಹೇಳುತ್ತಾ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಒಂದೊಂದು ಸಾಲೂ ನನ್ನ ತಂಗಿಯದ್ದೇ. ಎದ್ದು ಹೊರಗೆ ಹೋಗಿ ನಲ್ಲಿಯ ಕೆಳಗೆ ತಲೆ ಹಿಡಿದೆ. ಆಗ ನನಗೆ ಇಪ್ಪತ್ಮೂರು.

ಆವತ್ತಿನಿಂದ ನಾನು ಎಷ್ಟೋ ಅಪ್ಪ ಅಮ್ಮಂದಿರನ್ನು ಎದುರು ಕೂರಿಸಿಕೊಂಡು ವಿಷಯ ಹೇಳಿದ್ದೇನೆ. ನನ್ನ ಅಮ್ಮನಿಗೆ ಹೇಳಲಿಲ್ಲ. ಯಾರೋ ಕರೆದರು ಅಂದುಕೊಂಡಿದ್ದರೆ ಅದು ಯಾರದ್ದೋ ತಪ್ಪು. ಕಾಯಿಲೆ ಇತ್ತು, ಗುರುತೆಲ್ಲ ಕಣ್ಣೆದುರಿಗೇ ಇತ್ತು, ನಾವೇ ಬಾವಿಗೆ ಬಿಟ್ಟೆವು ಅಂತಾದರೆ ಅದು ನಮ್ಮ ತಪ್ಪು. ಅಮ್ಮ ಅದನ್ನು ತಡೆದುಕೊಳ್ಳುವುದಿಲ್ಲ ಅಂದುಕೊಂಡೆ. ನಿಜ ಹೇಳಬೇಕೆಂದರೆ, ಬೆಂಡು ಬಿಚ್ಚಿಸಿದವಳು ನಾನು ಎಂಬುದು ಮತ್ತೆ ಮಾತಿಗೆ ಬರುವುದು ನನಗೆ ಬೇಡವಾಗಿತ್ತು.

ಮಾವ ಹೋದರು, ತೋಟ ಮಾರಿದರು. ಈಗ ಅಲ್ಲಿ ಅಪಾರ್ಟ್‌ಮೆಂಟುಗಳಿವೆ. ಬಾವಿ ಯಾವ ಕಟ್ಟಡದ ಕೆಳಗೆ ಸೇರಿಕೊಂಡಿದೆಯೋ ಗೊತ್ತಿಲ್ಲ. ಕೆಂಗೇರಿ ಕಡೆ ಮೆಟ್ರೋದಲ್ಲಿ ಹೋಗುವಾಗ ನಾನು ಕಿಟಕಿಗೆ ಬೆನ್ನು ಹಾಕಿ ನಿಲ್ಲುತ್ತೇನೆ. ಆದರೆ ಪರೀಕ್ಷೆಯ ಕೋಣೆಯಲ್ಲಿ ಬೆನ್ನು ಹಾಕುವ ಹಾಗಿಲ್ಲ. ಕತ್ತಲಲ್ಲಿ ಆ ಕ್ಯಾಮೆರಾ ಹಿಡಿಯುವ ಕಣ್ಣುಗಳು ಪರದೆಯ ಮೇಲೆ ಅಂಗೈ ಅಗಲ ಕಾಣುತ್ತವೆ, ಬೂದು ಬಣ್ಣಕ್ಕೆ. ಕುರ್ಚಿ ತಿರುಗುತ್ತಿದ್ದರೂ ಆ ಕಣ್ಣು ಆಡದೆ ನೆಟ್ಟಗೆ ನಿಂತುಬಿಟ್ಟರೆ, ಅದು ಯಾರ ಮನೆಯ ಮಗುವೇ ಆಗಿರಲಿ, ನನ್ನನ್ನು ನೋಡುತ್ತಿರುವವಳು ಅವಳೇ.

ಕಳೆದ ಏಪ್ರಿಲ್‌ನಲ್ಲಿ ಮೂಡಲಪಾಳ್ಯದಿಂದ ಒಬ್ಬ ಅಪ್ಪ ಏಳು ವರ್ಷದ ಮಗಳನ್ನು ಕರೆದುಕೊಂಡು ಬಂದ. ಮನೆಮನೆಗೆ ಊಟ ತಲುಪಿಸುವ ಕೆಲಸದವನು, ಹೆಲ್ಮೆಟ್ ತೋಳಿಗೆ ಸಿಕ್ಕಿಸಿಕೊಂಡೇ ಒಳಗೆ ಬಂದ. ಕೃಷ್ಣಾ ನದಿಯ ದಂಡೆಯ ಊರು, ಬೆಂಗಳೂರಿಗೆ ಬಂದು ನಾಲ್ಕು ವರ್ಷ. ಮಗಳಿಗೆ ಎರಡನೇ ವಯಸ್ಸಿಗೆ ಮೆದುಳು ಜ್ವರ ಬಂದು ಕಿವಿ ಹೋಗಿತ್ತು, ಬಲಗಿವಿಗೆ ಆಪರೇಷನ್ ಮಾಡಿಸಿ, ಕಿವಿಯ ಹಿಂದೆ ಸಿಕ್ಕಿಸಿ ತೆಗೆಯುವ ಕೇಳಿಸುವ ಮಿಷನ್ ಹಾಕಿಸಿದ್ದರು. ಅದರಿಂದ ಮಾತು ಚೆನ್ನಾಗಿಯೇ ಬಂದಿತ್ತು. ಎಡಗಿವಿಗೂ ಮಾಡುವ ಮುಂಚೆ ಸಮತೋಲನ ಹೇಗಿದೆ ನೋಡಿಸಿ ಅಂತ ಡಾಕ್ಟರು ಚೀಟಿ ಕೊಟ್ಟಿದ್ದರು. ಆ ಚೀಟಿಯಲ್ಲಿ ಜ್ವರದ ಹೆಸರನ್ನು ನಾನು ಎರಡು ಸಲ ಓದಿದೆ.

"ಸುಮ್ನ ಕಳಿಸ್ಯಾರ್ರೀ ಮೇಡಂ" ಅಂದ ಅವನು. "ನಮ್ಮಾಕಿ ಭಾಳ ಗಟ್ಟಿ. ವಿಜಯನಗರ ಪಾರ್ಕಿನಾಗ ತಿರುಗೋದರ ಮ್ಯಾಲೆ ಕುಂದ್ರಿಸಿದ್ರ ಉಳಿದ ಹುಡುಗ್ರು ಅಳತಾವು, ಈಕಿ ಇನ್ನಾ ಜೋರ್ ತಿರುಗಸ್ರಿ ಅಂತಾಳ. ಈಕಿಗೆ ತಲೀನ ತಿರುಗಂಗಿಲ್ಲ ನೋಡ್ರಿ."

ಅವನ ಮುಖದಲ್ಲಿ ಇದ್ದದ್ದು ನಮ್ಮಮ್ಮನ ಅದೇ ಹೆಮ್ಮೆ. ಪರೀಕ್ಷೆಗೆ ಮೊದಲೇ ಏನನ್ನೂ ಹೇಳುವ ಹಾಗಿಲ್ಲ.

ನಾನು ಕುರ್ಚಿಯಲ್ಲಿ ಸುತ್ತಿ ಇಳಿದು ಗೋಡೆ ಹಿಡಿದುಕೊಂಡೆ. ಹುಡುಗಿ ನಗಲಿಲ್ಲ. "ಆಂಟಿ, ಯಾಕ ಹಂಗ ಮಾಡ್ತೀರಿ?" ಅಂತ ಕೇಳಿದಳು. ಕನ್ನಡಕ ಹಾಕುವಾಗ ಅವಳ ಮಿಷನ್ ತೆಗೆಯಬೇಕಾಗಿತ್ತು. ಕತ್ತಲೆ, ಜೊತೆಗೆ ಪೂರ್ತಿ ಮೌನ, ಏಳು ವರ್ಷದ ಮಗುವಿಗೆ ಅದು ಸಣ್ಣ ವಿಷಯವಲ್ಲ. ಅದಕ್ಕೆ ಮೊದಲೇ ಗುರುತು ಮಾಡಿಕೊಂಡೆವು. ಅಪ್ಪ ಅಂಗೈ ಮೇಲೆ ಎರಡು ಸಲ ತಟ್ಟಿದರೆ ಶುರು, ಒಂದು ಸಲ ಗಟ್ಟಿಯಾಗಿ ಒತ್ತಿದರೆ ಮುಗಿಯಿತು. ನಡುವೆ ತೂಕಡಿಸದ ಹಾಗೆ ಅಂಗೈ ಮೇಲೆ ಅಕ್ಷರ ಬರೆಯುತ್ತಾನೆ, ಅವಳು ಅದೇನು ಅಂತ ಹೇಳಬೇಕು. ಬೇಡ ಅನ್ನಿಸಿದರೆ ಕೈ ಎತ್ತಬೇಕು. ಎಲ್ಲ ಕೇಳಿ ತಲೆಯಾಡಿಸಿ, ಸ್ಟೂಲು ಹತ್ತಿ, ತಾನೇ ದೀಪ ಆರಿಸಿ, ಅಪ್ಪನ ಕೈ ಹಿಡಿದುಕೊಂಡು ಬಂದು ತೊಡೆಯ ಮೇಲೆ ಕೂತಳು. ಸಣ್ಣ ಟಾರ್ಚಿನ ಬೆಳಕಿನಲ್ಲಿ ಮಿಷನ್ ತೆಗೆದು, ಬೆಲ್ಟು, ಕನ್ನಡಕ ಹಾಕಿ ನಾನು ಹೊರಗೆ ಬಂದೆ.

ಕುರ್ಚಿ ತಿರುಗಿತು. "ಕ," "ಮ," "ರ" ಅಂತ ಅವಳ ದನಿ ಒಳಗಿನಿಂದ ಕೇಳುತ್ತಿತ್ತು. ಪರದೆಯ ಮೇಲೆ ಎರಡು ಕಣ್ಣು. ಅವು ಆಡಲಿಲ್ಲ. ವೇಗ ಸ್ವಲ್ಪ ಹೆಚ್ಚಿಸಿದೆ. ಆಡಲಿಲ್ಲ. ತಿರುಗಿಸುವ ದಿಕ್ಕು ಬದಲಿಸಿದೆ. ಅಪ್ಪನಿಗೆ ಹೊಟ್ಟೆ ತೊಳಸಿರಬೇಕು, "ಸಾಕೇನ್ರಿ?" ಅಂತ ಕೂಗಿದ. ಹುಡುಗಿ ಮಾತ್ರ ಎವೆಯಿಕ್ಕದೆ ಕತ್ತಲನ್ನು ನೋಡುತ್ತಾ, "ಗ" ಅಂದಳು. ನಾನು ಕುರ್ಚಿ ನಿಲ್ಲಿಸಿದೆ.

ದೀಪ ಹಾಕಿದ ಮೇಲೆ ಅಪ್ಪ ಬೆವರು ಒರೆಸಿಕೊಂಡು, "ನನಗ ವಾಂತಿ ಬಂದಂಗ ಆತ್ರೀ, ಈಕಿಗೆ ಏನೂ ಆಗಿಲ್ಲ. ಪಾಸ್ ಆದ್ಲಲ್ರೀ?" ಅಂದ. ಹಾಗೇ ಮಗಳಿಗೆ ಮಿಷನ್ ಸಿಕ್ಕಿಸುತ್ತಾ ಮುಂದುವರಿಸಿದ. "ಶನಿವಾರ ಊರಿಗೆ ಹೊಂಟೀವ್ರಿ. ಈ ಸಲ ಹೊಳ್ಯಾಗ ಈಜು ಕಲಸ್ತೀನಿ ಅಂತ ಮಾತು ಕೊಟ್ಟೀನಿ. ನಾ ಈಕಿಗಿಂತ ಸಣ್ಣಾಂವ ಇದ್ದಾಗ ಕಲ್ತೀನಿ."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಎಲ್ಲರೂ ಅನ್ನುತ್ತಾರೆ. ಆವತ್ತು ಬಂದದ್ದು ಕೋಪವೋ ಭಯವೋ ಗೊತ್ತಿಲ್ಲ. "ಹೊಳೆಗೆ ಇಳಿಸಿದ್ರೆ ಸತ್ತೋಗ್ತಾಳೆ ಕಣ್ರೀ ನಿಮ್ಮ ಮಗಳು!" ಅಂತ ಕಿರುಚಿಬಿಟ್ಟೆ. ಇಪ್ಪತ್ತೆಂಟು ವರ್ಷದ ಅನುಭವ, ಮಕ್ಕಳೆದುರಿಗೆ ಏನು ಹೇಳಬೇಕು, ಏನು ಹೇಳಬಾರದು ಅಂತ ಹೊಸಬರಿಗೆ ಪಾಠ ಮಾಡುವವಳು ನಾನು. ಹುಡುಗಿಯ ಮಿಷನ್ ಆಗಷ್ಟೇ ಕಿವಿಗೆ ಕೂತಿತ್ತು. ಅವಳು ಕೇಳಿಸಿಕೊಂಡ ಮೊದಲ ಮಾತೇ ಅದು. ಅಳುವುದಕ್ಕೆ ಶುರುಮಾಡಿದಳು.

ಅವನು ಎದ್ದು ನಿಂತ. "ದೊಡ್ಡ ದನಿ ಮಾಡಬ್ಯಾಡ್ರಿ ಮೇಡಂ. ಕೂಸಿನ ಮುಂದ ಏನ್ ಮಾತಾಡ್ತೀರಿ ನೀವು? ನಡಿ ಅವ್ವಿ" ಅಂದು ಮಗಳ ಕೈ ಹಿಡಿದು ಬಾಗಿಲ ಕಡೆ ನಡೆದ. ಹೋದರೆ ವಾಪಸ್ ಬರುವುದಿಲ್ಲ, ಶನಿವಾರ ಇನ್ನು ಮೂರೇ ದಿನ. ನಾನು ಬಾಗಿಲಿಗೆ ಅಡ್ಡ ನಿಂತು ಕೈ ಮುಗಿದೆ. "ತಪ್ಪಾಯ್ತು. ಹಾಗೆ ಅನ್ನಬಾರದಿತ್ತು. ಐದು ನಿಮಿಷ ಕೊಡಿ, ಒಂದು ತೋರಿಸ್ತೀನಿ. ಆಮೇಲೆ ನಿಮ್ಮಿಷ್ಟ" ಅಂದೆ. ಹುಡುಗಿಯ ಎದುರು ಮಂಡಿಯೂರಿ, "ಆಂಟಿಗೆ ಬುದ್ಧಿ ಇಲ್ಲ ಪುಟ್ಟಿ, ಸುಮ್ನೆ ಕೂಗಿಬಿಟ್ಟೆ" ಅಂದೆ. ಅವಳು ಮೂಗು ಒರೆಸಿಕೊಂಡು ಅಪ್ಪನನ್ನು ನೋಡಿದಳು. ಅವನು ಒಲ್ಲದ ಮನಸ್ಸಿನಿಂದ ನಿಂತ.

ನಮ್ಮಲ್ಲಿ ದಪ್ಪ ಸ್ಪಂಜಿನ ಒಂದು ಮೆತ್ತೆ ಇದೆ. ನಿಂತರೆ ಪಾದ ಸ್ವಲ್ಪ ಹೂಳುತ್ತದೆ, ನೆಲ ಸರಿಯಾಗಿ ಸಿಕ್ಕುವುದಿಲ್ಲ. ಹುಡುಗಿಯನ್ನು ಅದರ ಮೇಲೆ ನಿಲ್ಲಿಸಿ, ಸುತ್ತ ಇನ್ನೂ ಮೆತ್ತೆ ಹಾಸಿ, ಅಪ್ಪನನ್ನು ಅವಳ ಹಿಂದೆ ಒಂದು ಗೇಣು ದೂರಕ್ಕೆ ಕೈ ಚಾಚಿ ನಿಲ್ಲಲು ಹೇಳಿದೆ. ನಾನು ಮುಂದೆ ನಿಂತೆ. ಕಣ್ಣು ತೆರೆದಿದ್ದಾಗ ಅವಳು ಒಂಟಿ ಕಾಲು ಎತ್ತಿ ಕೂಡ ತೋರಿಸಿದಳು. "ಈಗ ಕಣ್ಣು ಮುಚ್ಚು ಪುಟ್ಟಿ" ಅಂದೆ.

ಮುಚ್ಚಿದಳು, ಮುಚ್ಚಿದ ಕ್ಷಣವೇ ಹಿಂದಕ್ಕೆ ಬಿದ್ದಳು. ತೂರಾಡಲಿಲ್ಲ, ಕೈ ಚಾಚಿ ಏನನ್ನೂ ಹಿಡಿಯಲು ನೋಡಲಿಲ್ಲ. ಬೀಳುತ್ತಿದ್ದೇನೆ ಎಂದು ಗೊತ್ತಾದರೆ ತಾನೇ? ನಿಂತಿದ್ದೇನೆ ಎಂದೇ ನಂಬಿಕೊಂಡು, ಶಾಂತ ಮುಖದಲ್ಲಿ, ನೆಟ್ಟಗೆ ಅಪ್ಪನ ಕೈಗೆ ಬಂದಳು. ಅವನು ಹಿಡಿದುಕೊಂಡ. ಇನ್ನೊಂದು ಸಲ ಅಂದ, ಮತ್ತೆ ಹಾಗೇ ಆಯಿತು. ಮೂರನೇ ಸಲ ಅವನೇ ಬೇಡ ಅಂದ.

ಹುಡುಗಿಯನ್ನು ಹೊರಗೆ ಬಣ್ಣ ಹಚ್ಚುವ ಪುಸ್ತಕ ಕೊಟ್ಟು ನಮ್ಮ ಹುಡುಗಿಯರ ಹತ್ತಿರ ಕೂರಿಸಿದೆ. ಅವನು ಮೆತ್ತೆಯ ಮೇಲೆಯೇ ಕುಸಿದು ಕೂತಿದ್ದ. "ಆದ್ರ ಮೇಡಂ, ನೀರಾಗ ಮುಳುಗಿದ್ರ ಯಾರಾದ್ರೂ ಮ್ಯಾಲ ಬಂದ ಬರ್ತಾರಲ್ರೀ" ಅಂದ. "ಹೇಗೆ ಬರ್ತೀರಾ?" ಅಂದೆ. "ಬೆಳಕು ಕಾಣತೈತಿ." "ನಿಮ್ಮ ಹೊಳೆ ನೀರು ತಿಳಿಯಾಗಿರುತ್ತಾ?" "ಇಲ್ರೀ, ರಾಡಿ. ಕಣ್ಣು ಮುಚ್ಚಿಕೊಂಡ ಮ್ಯಾಲ ಬರ್ತೀವಿ." ಅಂದವನು ಅಲ್ಲಿಗೆ ನಿಂತ. ಹುಟ್ಟು ಈಜುಗಾರ, ಸಾವಿರ ಸಲ ಮೇಲೆ ಬಂದವನು. ಕಣ್ಣು ಮುಚ್ಚಿಕೊಂಡೂ ಮೇಲೆ ಯಾವ ಕಡೆ ಅಂತ ತನಗೆ ಹೇಳಿದ್ದು ಯಾರು ಅಂತ ಅವನು ಕೇಳಿಕೊಂಡದ್ದು ಅವತ್ತೇ ಮೊದಲಿರಬೇಕು. ಕೈ ತಾನಾಗಿ ಕಿವಿಗೆ ಹೋಯಿತು.

ಆಗ ನಾನು ತಂಗಿಯ ಕತೆ ಹೇಳಿದೆ. ಯಾರಿಗೂ ಹೇಳಿದ್ದಲ್ಲ, ನನ್ನ ಗಂಡನಿಗೂ ಇಷ್ಟು ವಿವರವಾಗಿ ಹೇಳಿಲ್ಲ. ಬೆಂಡು, ಬಾವಿ, ನಾನು ಆಡಿದ ಮಾತು, ಕೈ ಚಾಚಿ ಕೂತಿದ್ದದ್ದು, ಅವಳು ಕೆಳಗೆ ಈಜಿ ಹೋದದ್ದು. ಅಮ್ಮ ಏನು ನಂಬಿಕೊಂಡಿದ್ದಾಳೆ ಎಂಬುದನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ, ನಾಚಿಕೆಯೂ ಆಯಿತು. ಕಾಯಿಲೆಯವರ ಎದುರು ಅಳುವ ಡಾಕ್ಟರಮ್ಮ ಯಾರಿಗೆ ಬೇಕು?

ಅವನು ತಲೆ ತಗ್ಗಿಸಿ ಕೇಳಿದ. ಮುಗಿದ ಮೇಲೆ, "ಮೇಡಂ, ಆಕಿ ಕೆಳಗ ಹೋಗಿಲ್ರೀ" ಅಂದ. ನಾನು ಅವನ ಮುಖ ನೋಡಿದೆ. "ಆಕಿಗೆ ಅದ ಮ್ಯಾಲ ಇತ್ತಲ್ರೀ. ನೀವು ಕೈ ಚಾಚಿ ಕುಂತಿದ್ರಿ ಅಂತ ಆಕಿಗೆ ಗೊತ್ತಿತ್ತು. ನಿಮ್ಮ ಕೈ ಹಿಡೀಲಿಕ್ಕ ಬರಾಕತ್ತಿದ್ಲು."

ಮೂವತ್ತು ವರ್ಷ ಈ ವಿದ್ಯೆಯಲ್ಲಿ ಮುಳುಗಿದ್ದ ನನಗೆ ಅದು ಹೊಳೆದಿರಲಿಲ್ಲ. ದಿಕ್ಕು ತಪ್ಪಿದಳು ಎಂಬಲ್ಲಿಗೆ ನನ್ನ ಯೋಚನೆ ನಿಂತಿತ್ತು. ಯಾವ ಕಡೆಗೆ ಹೊರಟು ತಪ್ಪಿದಳು ಅಂತ ಕೇಳಿಕೊಂಡೇ ಇರಲಿಲ್ಲ.

ಅವನು ಹೊರಗೆ ಹೋಗಿ ಮಗಳ ಪಕ್ಕ ಕೂತು ಏನೋ ಹೇಳಿದ. ಅವಳು ಪುಸ್ತಕ ಎಸೆದಳು. "ಪ್ರಾಮಿಸ್ ಮಾಡಿದ್ದಿ!" ಅಂತ ಅವಳು ಕೂಗಿದ್ದು ಒಳಗೆ ನನಗೂ ಕೇಳಿಸಿತು. ಹೋಗುವಾಗ ನನ್ನನ್ನು ಕಣ್ಣು ಕೆಕ್ಕರಿಸಿ ನೋಡಿಕೊಂಡೇ ಮೆಟ್ಟಿಲಿಳಿದಳು. ಆ ರಜೆಯಲ್ಲಿ ಅವಳು ಹೊಳೆಗೆ ಇಳಿಯಲಿಲ್ಲ. ಈಗ ತಿಂಗಳಿಗೆ ಎರಡು ಸಲ ಸಮತೋಲನದ ವ್ಯಾಯಾಮಕ್ಕೆ ಬರುತ್ತಾಳೆ, ಕತ್ತಲಲ್ಲಿ ಓಡಾಡುವುದಕ್ಕೆ ಟಾರ್ಚು ಇಟ್ಟುಕೊಂಡಿದ್ದಾಳೆ. ನನ್ನ ಜೊತೆ ಇನ್ನೂ ಮಾತು ಬಿಟ್ಟಿದ್ದಾಳೆ. ಬಿಡಲಿ, ಎಷ್ಟು ವರ್ಷ ಬೇಕಾದರೂ ಬಿಡಲಿ.

ಆವತ್ತು ಸಂಜೆ ನಾನು ಬೇಗ ಮನೆಗೆ ಹೋದೆ. ಅಮ್ಮ ವರಾಂಡದಲ್ಲಿ ಮೊರ ಇಟ್ಟುಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಎಪ್ಪತ್ತೆಂಟು ದಾಟಿದೆ, ಕಣ್ಣು ಮಂಜಾದರೂ ಕೈ ಚುರುಕು. ನಾನು ಪಕ್ಕದಲ್ಲಿ ಕೂತು, ಬಂದ ಅಪ್ಪ ಅಮ್ಮಂದಿರಿಗೆ ಹೇಗೆ ಹೇಳುತ್ತೇನೋ ಹಾಗೆ, ಮೊದಲಿನಿಂದ ಹೇಳಿದೆ. ಜ್ವರ ಏನು ಮಾಡಿತು, ತಲೆ ಯಾಕೆ ತಿರುಗುತ್ತಿರಲಿಲ್ಲ, ಕತ್ತಲಲ್ಲಿ ಯಾಕೆ ಕೂತುಬಿಡುತ್ತಿದ್ದಳು. ಬೆಂಡು ಬಿಚ್ಚಲು ಹೇಳಿದವಳು ನಾನು ಎಂಬುದನ್ನೂ ಬಿಡಲಿಲ್ಲ. "ಯಾರೂ ಕರೀಲಿಲ್ಲಮ್ಮ. ನಾವು ಯಾವ ಕಡೆ ಇದೀವಿ ಅಂತ ಅವಳಿಗೆ ಗೊತ್ತಾಗ್ಲಿಲ್ಲ. ಮೇಲೆ ಬರ್ತಾ ಇದೀನಿ ಅಂದ್ಕೊಂಡೇ ಕೆಳಗೆ ಹೋದ್ಲು."

ಅಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಎರಡು ಕಟ್ಟು ಮುಗಿಯಿತು. ನಾನು ಹೇಳಿದ್ದು ಕೇಳಿಸಿತೋ ಇಲ್ಲವೋ ಅಂದುಕೊಳ್ಳುವಾಗ, "ನಮ್ಮ ಹತ್ರಾನೇ ಬರ್ತಾ ಇದ್ಲಾ?" ಅಂದಳು.

"ಹೂಂ ಅಮ್ಮ."

"ನಿಂಗೆ ಯಾವಾಗ ಗೊತ್ತಾಯ್ತು ಇದು?"

ಸುಳ್ಳು ಹೇಳಬಹುದಿತ್ತು. "ಮೂವತ್ತು ವರ್ಷ ಆಯ್ತು. ಓದ್ತಾ ಇದ್ದಾಗ" ಅಂದೆ.

ಅಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದಳು. ಬೈಯುತ್ತಾಳೆ, ಬೆಂಡಿನ ವಿಷಯ ಎತ್ತುತ್ತಾಳೆ ಅಂತ ಕಾದೆ. ಅವಳು ಅದರ ಮಾತೇ ಆಡಲಿಲ್ಲ. ಸೊಪ್ಪಿನ ಮಣ್ಣು ಅಂಟಿದ ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಾ ಕೂತಳು.

"ಆಗ್ಲೇ ಹೇಳಿದ್ದಿದ್ರೆ" ಅಂದಳು, "ಮೂವತ್ತು ವರ್ಷ ಅವಳನ್ನ ಬೈಕೊಳ್ಳೋದಾದ್ರೂ ತಪ್ತಿತ್ತಲ್ಲೇ."